ರಾಮಮ್ಮ ಕೇಳಿಸಿದ ಹಕ್ಕಿಗಳು

ಸಾವಿರದ ಒಂಬೈನೂರ ಐವತ್ತನೇ ಇಸವಿ. ಆಯುಧಪೂಜೆ ಕಳೆದು ದೀಪಾವಳಿ ಹತ್ತಿರವಾದರೂ ಬೇಲಿಯ ಉಲಿಯಕ್ಕಿ ಬರಲಿಲ್ಲವೆಂದು ಉಗ್ರಪ್ಪ ಚಿಂತೆಗೆ ಬಿದ್ದ. ಬಿನ್ನಿಪೇಟೆಯಲ್ಲಿ ಗಿರಣಿ ಕೆಲಸಗಾರರ ಲೈನುಮನೆಗಳ ಹಿಂದೆ ಉದ್ದಕ್ಕೂ ಲಂಟಾನದ ಬೇಲಿ ಬೆಳೆದಿತ್ತು. ಪ್ರತಿ ವರ್ಷ ನವರಾತ್ರಿಯ ಹೊತ್ತಿಗೆ ಉತ್ತರದ ದೇಶದಿಂದ ಒಂದು ಹಕ್ಕಿ ಬಂದು ಅದರೊಳಗೆ ಸೇರಿಕೊಳ್ಳುತ್ತಿತ್ತು. ಗುಬ್ಬಚ್ಚಿಗಿಂತ ಸಣ್ಣದು, ಮಣ್ಣಿನ ಬಣ್ಣದ್ದು. ಕಣ್ಣಿಗೆ ಬೀಳುವ ಜಾತಿಯೇ ಅಲ್ಲ. ಯಾರೋ ನಾಲಗೆಯಲ್ಲಿ ಲೊಟ್ಟೆ ಹೊಡೆದಂತೆ ಬೇಲಿಯೊಳಗಿಂದ ‘ಟಕ್, ಟಕ್’ ಎಂದು ಸದ್ದು ಬಂದರೆ, ಓ, ಬಂತು ಎಂದುಕೊಳ್ಳಬೇಕು, ಅಷ್ಟೆ.

“ಈ ಸಲ ಬರ್ಲೇ ಇಲ್ಲ ಕಣೇ,” ಎಂದು ಹೆಂಡತಿ ರಾಮಮ್ಮನಿಗೆ ಹೇಳಿದ. “ದಾರೀಲಿ ಏನಾಯ್ತೋ ಏನೋ.”

ರಾಮಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. “ಏನಂದ್ರಿ? ಹದಿನೈದು ದಿನದಿಂದ ಒಂದೇ ಸಮ ಕೂಗ್ತಾ ಐತಲ್ಲ! ಈಗ್ಲೂ ಕೂಗ್ತಾ ಐತೆ. ಕೇಳಿ.”

ಉಗ್ರಪ್ಪ ಉಸಿರು ಬಿಗಿಹಿಡಿದು ನಿಂತ. ಬೇಲಿಯ ಎಲೆ ಅಲುಗುತ್ತಿತ್ತು. ಸದ್ದಿರಲಿಲ್ಲ. ರಾಮಮ್ಮ ಅವನ ಮುಖವನ್ನು ನೋಡಿದಳು, ಬೇಲಿಯನ್ನು ನೋಡಿದಳು, ಮತ್ತೆ ಅವನ ಮುಖವನ್ನು ನೋಡಿ ಸೆರಗಿನಲ್ಲಿ ಕೈ ಒರೆಸಿಕೊಳ್ಳತೊಡಗಿದಳು. ಒರೆಸಿಕೊಂಡಷ್ಟೂ ಮುಗಿಯಲಿಲ್ಲ.

ಹದಿನಾರನೇ ವಯಸ್ಸಿಗೆ ಗಿರಣಿಯ ಮಗ್ಗದ ಶೆಡ್ಡಿಗೆ ಸೇರಿದವನು ಉಗ್ರಪ್ಪ. ಈಗ ಅವನಿಗೆ ಮೂವತ್ತೆಂಟು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಪಕ್ಕದವನು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿಯವರು ತುಟಿ ಓದುವುದನ್ನು ಕಲಿತಿದ್ದರು. ಧ್ವನಿಯಿಲ್ಲದೆ ಬರೀ ತುಟಿ ಆಡಿಸಿ ಒಬ್ಬರಿಗೊಬ್ಬರು ಮಾತಾಡುವುದು. ನೂಲು ಸುತ್ತುವ ಖಾತೆಯಲ್ಲಿ ಕೆಲವು ವರ್ಷ ದುಡಿದಿದ್ದ ರಾಮಮ್ಮನಿಗೂ ಅದು ಬರುತ್ತಿತ್ತು. ಹಳೆಯ ನೇಕಾರರ ಕಿವಿ ಮಂದವಾಗುತ್ತದೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಕಿವುಡು ಬಂದಾಗ ಸಣ್ಣ ಸದ್ದುಗಳೇ ಮೊದಲು ಹೋಗುತ್ತವೆ, ಅಂದರೆ ಹಕ್ಕಿಗಳೇ ಮೊದಲು ಹೋಗುತ್ತವೆ ಎಂಬುದನ್ನು ಉಗ್ರಪ್ಪನಿಗೆ ಯಾರೂ ಹೇಳಿರಲಿಲ್ಲ.

ಅವನಿಗಿದ್ದದ್ದು ಅದೊಂದೇ ಹುಚ್ಚು. ಬೀಡಿ ಇಲ್ಲ, ಹೆಂಡ ಇಲ್ಲ, ನಾಟಕದ ಚಟವೂ ಇಲ್ಲ. ಅವನ ತಂದೆ ಕೆಂಗೇರಿ ಕೆರೆಯ ನೀರುಗಂಟಿಯಾಗಿದ್ದವರು. ತೂಬು ತೆಗೆದು ಗದ್ದೆಗೆ ನೀರು ಬಿಡುವುದು, ಏರಿ ಕಾಯುವುದು ಅವರ ಕೆಲಸ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಏರಿಯ ಮೇಲೆ ನಡೆಯುತ್ತ, “ಇದು ಗೊರವ. ಅದು, ಬಾಲ ಕುಣಿಸ್ತಾ ಐತಲ್ಲ, ಕುಂಡೆಕುಸ್ಕ. ಚಳಿಗೆ ಬರ್ತಾವೆ, ಬಿಸಿಲಿಗೆ ಹೋಗ್ತಾವೆ. ನಮ್ಮೂರ ನೆಂಟ್ರು,” ಎನ್ನುತ್ತಿದ್ದರು. ತಂದೆ ಸತ್ತು ಉಗ್ರಪ್ಪ ಗಿರಣಿ ಸೇರಿದ ಮೇಲೂ ಭಾನುವಾರ ಬಂತೆಂದರೆ ಬೆಳಗಿನ ಮೈಸೂರು ರೈಲು ಹಿಡಿದು ಕೆಂಗೇರಿಗೆ ಹೋಗುವುದು ತಪ್ಪಲಿಲ್ಲ. ಮಾಗಡಿ ಕಡೆಯ ಒಣಭೂಮಿಯಿಂದ ಬಂದ ರಾಮಮ್ಮನಿಗೆ ಮದುವೆಯಾದ ಹೊಸದರಲ್ಲಿ ಕಾಗೆ, ಗಿಣಿ, ಗೀಜಗ ಬಿಟ್ಟರೆ ಬೇರೆ ಹಕ್ಕಿ ಗೊತ್ತಿರಲಿಲ್ಲ. ಜೊಂಡಿನ ಪಕ್ಕ ಕೂರಿಸಿ ಒಂದೊಂದೇ ಕೂಗನ್ನು ಅವಳಿಗೆ ಕಲಿಸಿದವನು ಅವನೇ. ಹಸಿರುಗಾಲಿನ ಗೊರವ ಮೂರು ಸಲ ಸಿಳ್ಳೆ ಹಾಕುತ್ತೆ, ಎಣಿಸು. ಕಂದುಬಣ್ಣದ್ದು ಹೆದರಿದರೆ ಬೀಗದ ಕೈಗೊಂಚಲು ಅಲ್ಲಾಡಿಸಿದ ಹಾಗೆ ಕಿರಗುಟ್ಟುತ್ತೆ. ಮಕ್ಕಳಾಗಲಿಲ್ಲ. ಹದಿನೆಂಟು ವರ್ಷ ಇಬ್ಬರೇ ಕೆಂಗೇರಿಗೆ ಹೋಗಿ ಬಂದರು.

ಕಿವಿ ಹೋಗುತ್ತಿದೆಯೆಂದು ತಿಳಿದ ಆ ವಾರ ಉಗ್ರಪ್ಪ ಊಟ ಸರಿಯಾಗಿ ಮಾಡಲಿಲ್ಲ. ಭಾನುವಾರ ಬಂದಾಗ, “ಇನ್ನೇನು ಹೋಗೋದು ಬಿಡು,” ಎಂದ.

ರಾಮಮ್ಮ ಬುತ್ತಿ ಕಟ್ಟಿಟ್ಟಿದ್ದಳು. “ಕಣ್ಣಿಲ್ವಾ ನಿಮ್ಗೆ? ಕಣ್ಣು ನೀವು ಇಟ್ಕೊಳ್ಳಿ, ಕಿವಿ ನಾನು ಇಟ್ಕೊಂಡಿರ್ತೀನಿ. ಏಳಿ, ರೈಲು ತಪ್ಪುತ್ತೆ.”

ಹಾಗೆ ಶುರುವಾಯಿತು. ಕೆರೆಯ ಏರಿಯ ಮೇಲೆ ಎದುರುಬದುರಾಗಿ ಕೂರುವರು. ಅವನು ನೀರಿನ ಕಡೆ ಕಣ್ಣಿಟ್ಟು ಕಂಡದ್ದನ್ನು ಹೇಳುವನು. ಅವಳು ಕಣ್ಣು ಮುಚ್ಚಿ ಆಲಿಸಿ, ಕೇಳಿದ್ದನ್ನು ತುಟಿಯಾಡಿಸಿ ತಿಳಿಸುವಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಉಗ್ರಪ್ಪ ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು’ ಎಂದು ಬರೆದ. ಎಡದ್ದು ತನ್ನದು, ಬಲದ್ದು ಅವಳದ್ದು.

ಆ ಚಳಿಗಾಲದಲ್ಲೇ ಚಕ್ರಪಾಣಿಯ ಪರಿಚಯವಾದದ್ದು. ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದ, ಇನ್ನೂ ಮೂವತ್ತು ತುಂಬದ ಮನುಷ್ಯ. ಹೊಸದಾಗಿ ಎದ್ದ ರಾಜಾಜಿನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಸೈಕಲ್ಲಿನಲ್ಲಿ ಕೆಂಗೇರಿಗೆ ಬರುತ್ತಿದ್ದ. ಗಿರಣಿ ನೇಕಾರನೊಬ್ಬನ ನೋಟ್‌ಬುಕ್ಕಿನಲ್ಲಿ ಯಾವ ಹಕ್ಕಿ ಯಾವ ದಿನ ಬಂತು, ಯಾವ ದಿನ ಹೊರಟಿತು ಎಂದು ಬರೆದಿರುವುದನ್ನು ನೋಡಿ ಅವನು ಬೆರಗಾದ.

“ಇದನ್ನ ನಿಲ್ಲಿಸ್ಬೇಡಿ ಉಗ್ರಪ್ಪನೋರೆ,” ಎಂದ. “ಶಿವರಾತ್ರಿಯಿಂದ ಯುಗಾದಿವರೆಗೆ ಒಂದು ಭಾನುವಾರಾನೂ ಬಿಡ್ಬೇಡಿ. ಅವು ವಾಪಸ್ ಹೊರಡೋ ದಿನಾನ ಈ ಕಡೆ ಯಾರೂ ಬರೆದಿಟ್ಟಿಲ್ಲ.”

ಆಡಿದ್ದೆಲ್ಲ ಉಗ್ರಪ್ಪನಿಗೆ ತಿಳಿಯಲಿಲ್ಲ. ರಾಮಮ್ಮ ತುಟಿಯಲ್ಲಿ ಮತ್ತೆ ಹೇಳಿದಳು. ಅವನ ಮುಖ ಅರಳಿತು.

ಐವತ್ತೆರಡರ ಮಳೆಗಾಲದಲ್ಲಿ ರಾಮಮ್ಮನಿಗೆ ಕೆಮ್ಮು ಹತ್ತಿತು. ನೂಲಿನ ಧೂಳು, ಬಿಟ್ಟುಹೋಗುತ್ತೆ ಎಂದು ಎರಡು ತಿಂಗಳು ತಳ್ಳಿದರು. ಕಫದಲ್ಲಿ ರಕ್ತ ಕಂಡಾಗ ಆಸ್ಪತ್ರೆಗೆ ಹೋದರು. ಕ್ಷಯ ಎಂದರು ಡಾಕ್ಟರು. ಊರ ಹೊರಗಿನ ಕ್ಷಯದಾಸ್ಪತ್ರೆಯಲ್ಲಿ ಅವಳು ಎಂಟು ತಿಂಗಳು ಇದ್ದಳು. ಆಗಷ್ಟೇ ಬಂದಿದ್ದ ಹೊಸ ಇಂಜೆಕ್ಷನ್ನನ್ನು ದಿನಾ ಕೊಟ್ಟರು. “ಜೀವ ಉಳಿಸೋ ಔಷಧಿ ಇದು. ತಲೆ ಸುತ್ತಬಹುದು, ಕಿವಿ ಗುಂಯ್ ಅನ್ನಬಹುದು, ಹಾಗಾದ್ರೆ ಹೇಳ್ಬೇಕಮ್ಮ,” ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಅವಳು ಹೇಳಲಿಲ್ಲ. ಔಷಧಿ ನಿಲ್ಲಿಸಿಬಿಟ್ಟರೆ ಸತ್ತು ಹೋದೇನೆಂದು ಹೆದರಿದ್ದಳು. ಇದೆಲ್ಲ ಉಗ್ರಪ್ಪನಿಗೆ ತಿಳಿದದ್ದು ವರ್ಷಗಳ ಮೇಲೆ.

ಐವತ್ತಮೂರರ ಬೇಸಗೆಯಲ್ಲಿ ಅವಳು ಮನೆಗೆ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದಳು. ಸುಸ್ತು ಎಂದಳು. ಮೈ ಕೈ ತುಂಬಿಕೊಂಡವು, ಕೆಮ್ಮು ನಿಂತಿತು. ಅಷ್ಟು ಹೊತ್ತಿಗೆ ಉಗ್ರಪ್ಪನ ಕಿವಿಗೆ ಮನುಷ್ಯರ ಮಾತೂ ಬೀಳುತ್ತಿರಲಿಲ್ಲ. ಗಂಡ ಹೆಂಡತಿ ಬರೀ ತುಟಿಯಲ್ಲೇ ಮಾತಾಡುತ್ತಿದ್ದರು. ಆ ಮನೆಯಿಂದ ಪಾತ್ರೆ ಸದ್ದು ಬಿಟ್ಟರೆ ಇನ್ನೊಂದು ಸದ್ದು ಬರುವುದಿಲ್ಲ ಎಂದು ಲೈನಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಲಿಂಗಮ್ಮ ಮಾತ್ರ ಆಡಿಕೊಳ್ಳುತ್ತಿರಲಿಲ್ಲ. ಅವಳೂ ನೂಲಿನ ಖಾತೆಯವಳೇ, ರಾಮಮ್ಮನಿಗೆ ಒಡಹುಟ್ಟಿದವಳ ಹಾಗೆ.

ದೀಪಾವಳಿ ಕಳೆದ ಮೇಲೆ ಮತ್ತೆ ಕೆಂಗೇರಿಗೆ ಹೊರಟರು. ರಾಮಮ್ಮ ಮೊದಲಿಗಿಂತಲೂ ಉಮೇದಿನಲ್ಲಿದ್ದಳು. ಏರಿಯ ಮೇಲೆ ಕೂತು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದು, “ಉಲಿಯಕ್ಕಿ. ಜೊಂಡಿನ ಆಚೆ ತುದೀಲಿ. ಎರಡು ಅವೆ,” ಎನ್ನುವಳು. “ಹಸಿರುಗಾಲಿಂದು ಸಿಳ್ಳೆ ಹಾಕ್ತು, ಮೂರು ಸಲ.” ಉಗ್ರಪ್ಪ ಬಲಗಡೆ ಬರೆದುಕೊಳ್ಳುವನು. ಬರೆಯುವಾಗ ಆ ಸಿಳ್ಳೆ ತಲೆಯೊಳಗೆ ಅವನಿಗೂ ಕೇಳಿದಂತಾಗುತ್ತಿತ್ತು. ಹೀಗೆ ಮೂರು ಚಳಿಗಾಲ ಕಳೆದವು. ಶಿವರಾತ್ರಿ ದಾಟಿದಂತೆಲ್ಲ ಹಕ್ಕಿಗಳು ಮೈತುಂಬಿಕೊಂಡು, ಹಳದಿ ಕುಂಡೆಕುಸ್ಕದ ಎದೆ ಅರಿಸಿನ ಮೆತ್ತಿದ ಹಾಗೆ ಬಣ್ಣವೇರಿ, ಗುಂಪು ಗುಂಪಾಗಿ ಚಡಪಡಿಸಿ, ಒಂದು ಬೆಳಿಗ್ಗೆ ಕೆರೆ ಬರಿದಾಗುತ್ತಿತ್ತು. ಆ ದಿನಗಳನ್ನೆಲ್ಲ ಚಕ್ರಪಾಣಿ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ.

“ಇಲ್ಲಿ ಕಾಣೋದು ಏನೂ ಅಲ್ಲ,” ಎಂದ ಚಕ್ರಪಾಣಿ ಒಮ್ಮೆ. “ಮದರಾಸಿನ ಹತ್ರ ಎನ್ನೂರು ಅಂತ ಒಂದು ಊರಿದೆ. ಸಮುದ್ರದ ಹಿನ್ನೀರು, ಕೆಸರು ಬಯಲು, ಉಪ್ಪಿನ ಗದ್ದೆ. ಹೊರಡೋಕೆ ಮುಂಚೆ ಹಕ್ಕಿಗಳು ಸಾವಿರಗಟ್ಟಲೆ ಅಲ್ಲಿ ಸೇರ್ತಾವೆ. ಅವು ಒಟ್ಟಿಗೆ ಎದ್ದಾಗ ಬರೋ ಸದ್ದು ಇದ್ಯಲ್ಲ...” ಎಂದವನು ಉಗ್ರಪ್ಪನ ಕಿವಿ ನೆನಪಾಗಿ ಮಾತು ನುಂಗಿದ.

ಆ ಮಾತನ್ನೂ ಉಗ್ರಪ್ಪ ತುಟಿಯಲ್ಲಿ ಓದಿಕೊಂಡಿದ್ದ. ರಾಮಮ್ಮನ ಅಣ್ಣ ಚಿಕ್ಕಹನುಮಯ್ಯ ಮದರಾಸಿನ ಪೆರಂಬೂರಿನಲ್ಲಿ ಗಿರಣಿ ಕೆಲಸದಲ್ಲಿದ್ದ. ಐವತ್ತಾರರ ಮಾರ್ಚಿಯಲ್ಲಿ ನಾಲ್ಕು ದಿನ ರಜ ಹಾಕಿ ಗಂಡ ಹೆಂಡತಿ ಮದರಾಸು ಮೇಲ್ ರೈಲು ಹತ್ತಿದರು. ರಾಮಮ್ಮ ಹೋಗುವುದು ಬೇಡವೆಂದು ಮೂರು ಸಲ ಹೇಳಿದ್ದಳು. ಸಮುದ್ರದ ಗಾಳಿ ಎದೆಗೆ ಆಗದು ಎಂದಳು. ಉಗ್ರಪ್ಪ, “ಆ ಸದ್ದನ್ನ ನೀನು ನನಗೆ ಹೇಳ್ಬೇಕು ಕಣೇ. ಅದೊಂದು ಹೇಳಿಬಿಡು, ಇನ್ನೇನೂ ಕೇಳಲ್ಲ,” ಎಂದ ಮೇಲೆ ಸುಮ್ಮನಾದಳು.

ಚಿಕ್ಕಹನುಮಯ್ಯನಿಗೆ ಪಾಳಿಯಿತ್ತು. ಎನ್ನೂರಿನಲ್ಲಿ ಗುರುತಿನ ದೋಣಿಯವನೊಬ್ಬನಿಗೆ ಹೇಳಿಟ್ಟು, ಬೆಳಗಿನ ಗಾಡಿ ಹತ್ತಿಸಿ ಹೋದ. ದೋಣಿಯವನು ನರೆತ ಗಡ್ಡದ, ಬಿಸಿಲಿಗೆ ಕಪ್ಪಿಟ್ಟ ಮುದುಕ, ತಮಿಳಿನವನು. ಉಗ್ರಪ್ಪ ತನ್ನ ಕಿವಿ ಮುಟ್ಟಿ ಕೈಯಾಡಿಸಿ ತೋರಿಸಿದ. ಮುದುಕ ತಲೆಯಲ್ಲಾಡಿಸಿ ಗಳೆ ಊರಿದ.

ಇಂಥ ನೀರನ್ನು ಉಗ್ರಪ್ಪ ಕಂಡಿರಲಿಲ್ಲ. ಕೆರೆಗೆ ಒಂದು ಏರಿ ಇರುತ್ತದೆ, ಒಂದು ಅಂಚು ಇರುತ್ತದೆ. ಇಲ್ಲಿ ನೀರು ಎಲ್ಲಿ ಮುಗಿದು ಕೆಸರು ಎಲ್ಲಿ ಮೊದಲಾಗುತ್ತದೆಂದು ಗೊತ್ತಾಗುತ್ತಿರಲಿಲ್ಲ. ದೂರದಲ್ಲಿ ಉಪ್ಪಿನ ರಾಶಿಗಳು ಬೆಳ್ಳಗೆ ಹೊಳೆಯುತ್ತಿದ್ದವು. ಬಯಲಿನ ತುಂಬ ಹಕ್ಕಿಗಳು. ಚಳಿಗಾಲವೆಲ್ಲ ಬೂದಿ ಬಣ್ಣದಲ್ಲಿರುವ ಗೊರವಗಳು ಇಲ್ಲಿ ಕಾವಿ ಬಣ್ಣಕ್ಕೆ ತಿರುಗಿದ್ದವು. ಒಂದಕ್ಕೊಂದು ಒತ್ತಿಕೊಂಡು, ಒಂದೇ ದಿಕ್ಕಿಗೆ ಮುಖ ಮಾಡಿ, ಹೊರಡುವ ಮುನ್ನ ಕೊನೆಯ ಊಟ ಮಾಡುವವರ ಹಾಗೆ ಕೆಸರನ್ನು ಚುಚ್ಚಿ ಚುಚ್ಚಿ ತಿನ್ನುತ್ತಿದ್ದವು. ಉಗ್ರಪ್ಪ ಎಣಿಸಲು ಹೋಗಿ ಬಿಟ್ಟುಬಿಟ್ಟ.

ದೋಣಿ ಕೆಸರಿನ ದಿಬ್ಬದ ಹತ್ತಿರ ನಿಂತಿತು. ರಾಮಮ್ಮ ಬಯಲಿಗೆ ಬೆನ್ನು ಮಾಡಿ, ಗಂಡನಿಗೆ ಎದುರಾಗಿ ಕೂತು ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಗಂಟು ಬಿಗಿದಿತ್ತು. ಹಲ್ಲಿನಲ್ಲಿ ಎಳೆಯುತ್ತಿದ್ದಳು.

ಆಗ ಬಯಲಿನ ಆಚೆ ಕಡೆಯಿಂದ ಸೆಳೆವವೊಂದು ತಗ್ಗಾಗಿ ಹಾರಿ ಬಂತು. ಬೇಟೆಯ ಹಕ್ಕಿಯ ನೆರಳು ಬಿದ್ದದ್ದೇ ತಡ, ಇಡೀ ಬಯಲು ಎದ್ದಿತು. ಸಾವಿರಾರು ರೆಕ್ಕೆ ಒಂದೇ ಏಟಿಗೆ. ದೋಣಿಯ ಹಲಗೆ ನಡುಗಿದ್ದು ಉಗ್ರಪ್ಪನ ತೊಡೆಗೆ ತಾಗಿತು. ಗಳೆ ಹಿಡಿದು ಬೇರೆಲ್ಲೋ ನೋಡುತ್ತಿದ್ದ ಮುದುಕ ಬೆಚ್ಚಿಬಿದ್ದು ಗಿರಕ್ಕನೆ ತಿರುಗಿದ, ಒಂದು ಕೈ ಕಿವಿಗೆ ಹೋಯಿತು. ದಡದಲ್ಲಿ ಮಲಗಿದ್ದ ನಾಯಿಯೊಂದು ಎದ್ದು ನಿಂತಿತು.

ರಾಮಮ್ಮ ಗಂಟು ಬಿಚ್ಚುತ್ತಲೇ ಇದ್ದಳು.

ಗಂಟು ಬಿಚ್ಚಿಕೊಂಡಿತು. ರೊಟ್ಟಿ ತೆಗೆದು ಕೊಡಲು ತಲೆಯೆತ್ತಿದಳು. ಗಂಡನ ಕಣ್ಣು ತನ್ನ ಮೇಲಿರುವುದನ್ನೂ ಅವನ ತಲೆಯ ಮೇಲೆ ನೆರಳುಗಳು ಹಾಯುತ್ತಿರುವುದನ್ನೂ ಕಂಡು ಹಿಂತಿರುಗಿ ನೋಡಿದಳು. ಆಕಾಶ ತುಂಬಿಹೋಗಿತ್ತು. ಒಂದು ಗಳಿಗೆ ಹಾಗೇ ಇದ್ದು, ಮತ್ತೆ ಇತ್ತ ತಿರುಗಿದಾಗ ಮುಖದ ತುಂಬ ನಗು ಹರಡಿಕೊಂಡಿದ್ದಳು.

“ಅಬ್ಬಬ್ಬಾ, ಏನ್ ಸದ್ದು ಅಂತೀರಿ!” ಎಂದಿತು ಅವಳ ತುಟಿ. “ಮಳೆ ಹುಯ್ದಂಗೆ. ಹೆಂಚಿನ ಮೇಲೆ ಮಳೆ ಹುಯ್ದಂಗೆ ಐತೆ.”

ಅವಳ ಹಿಂದೆ ನಿಂತಿದ್ದ ಮುದುಕ ಉಗ್ರಪ್ಪನ ಕಣ್ಣಿಗೆ ಕಣ್ಣು ಕೊಟ್ಟ. ರಾಮಮ್ಮನ ಕಡೆ ಗದ್ದ ಎತ್ತಿ ತೋರಿಸಿ, ತನ್ನ ಕಿವಿ ಮುಟ್ಟಿ, ಕೈ ತಿರುವಿದ. ಇವಳಿಗೂ ಕಿವಿ ಇಲ್ವಾ ಎಂಬಂತೆ.

ಉಗ್ರಪ್ಪ ರೊಟ್ಟಿ ಕೈಗೆ ತೆಗೆದುಕೊಂಡ. ಅವಳು ನೋಡುತ್ತಿದ್ದಾಳೆಂದು ತಿಂದ. “ಮಳೆ ಹುಯ್ದಂಗಾ?” ಎಂದ. ತನ್ನ ಧ್ವನಿ ಎಷ್ಟು ಜೋರಾಗಿದೆಯೋ ಅವನಿಗೆ ಗೊತ್ತಿರಲಿಲ್ಲ. “ಸರಿಯಾಗಿ ಹೇಳ್ದೆ ನೋಡು. ನನಗೂ ಕೇಳಿಸ್ದಂಗಾಯ್ತು.” ಎಂದು ನಕ್ಕ. ಆ ದಿನವೆಲ್ಲ ನಗುತ್ತಲೇ ಇದ್ದ. ಪೆರಂಬೂರಿನಲ್ಲಿ ಚಿಕ್ಕಹನುಮಯ್ಯನ ಮುಂದೆ ರೆಕ್ಕೆ ಬಡಿದು ತೋರಿಸಿದ. ರೈಲಿನಲ್ಲಿ ಪಕ್ಕದವರಿಗೆಲ್ಲ ಹೇಳಿದ. ಇಷ್ಟು ಖುಷಿಯಾಗಿ ಅವನನ್ನು ರಾಮಮ್ಮ ಯಾವತ್ತೂ ಕಂಡಿರಲಿಲ್ಲ.

ಊರಿಗೆ ಬಂದ ಮಾರನೆಯ ದಿನ ರಾಮಮ್ಮ ನಲ್ಲಿಗೆ ನೀರಿಗೆ ಹೋದ ಹೊತ್ತು ನೋಡಿ ಲಿಂಗಮ್ಮನ ಬಾಗಿಲಿಗೆ ಹೋದ.

“ಅವಳಿಗೆ ಯಾವಾಗಿಂದ?” ಎಂದ.

ಲಿಂಗಮ್ಮ ಮೊದಲು ಏನೂ ತಿಳಿಯದವಳ ಹಾಗೆ ನಿಂತಳು. ಆಮೇಲೆ ಹೊಸ್ತಿಲ ಮೇಲೆ ಕೂತಳು. ಅಳುತ್ತಲೇ, ತುಟಿ ನಿಧಾನವಾಗಿ ಆಡಿಸುತ್ತ ಹೇಳಿದಳು. ಆಸ್ಪತ್ರೆಯಿಂದ ಬಂದು ಐದಾರು ತಿಂಗಳಿಗೆ. ಒಲೆಯ ಮೇಲೆ ಹಾಲು ಉಕ್ಕಿ ಸುರೀತಾ ಇದ್ರೂ, ಹಿಂದೆ ನಿಂತು ನಾನು ಕೂಗ್ತಾ ಇದ್ರೂ ತಿರುಗ್ಲಿಲ್ಲ. ಆವತ್ತೇ ನನಗೆ ಗೊತ್ತಾಯ್ತು. ಸೂಜಿ ಮದ್ದಿನಿಂದ ಹೀಗೂ ಆಗತ್ತಂತೆ.

“ನಂಗ್ಯಾಕೆ ಹೇಳ್ಲಿಲ್ಲ?”

“ಆಣೆ ಹಾಕ್ಸ್ಕೊಂಡ್ಲು. ‘ಅವ್ರಿಗೆ ಇರೋದು ಅದೊಂದು. ಅದೂ ಹೋಯ್ತು ಅಂದ್ರೆ ಏನು ಮಾಡ್ತಾರೆ? ಯಾವ ಕಾಲಕ್ಕೆ ಯಾವ ಹಕ್ಕಿ ಹೆಂಗೆ ಕೂಗತ್ತೆ ಅಂತ ಅವ್ರೇ ಕಲ್ಸಿದಾರೆ, ನೆನಪಿಂದ ಹೇಳ್ತೀನಿ,’ ಅಂದ್ಲು.”

ಉಗ್ರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ನಲ್ಲಿಯ ಕಡೆಯಿಂದ ರಾಮಮ್ಮ ಕೊಡ ಹೊತ್ತು ಬರುವುದು ಕಾಣಿಸಿತು. ಹಿಂದಿನಿಂದ ಎತ್ತಿನ ಗಾಡಿಯೊಂದು ಬರುತ್ತಿತ್ತು. ಗಾಡಿಯವನು ಕೂಗುತ್ತಿರಬೇಕು, ಕೈ ಬೀಸುತ್ತಿದ್ದ. ಅವಳು ಸರಿಯಲಿಲ್ಲ. ಅವನು ಎತ್ತುಗಳನ್ನು ಎಳೆದು ಪಕ್ಕಕ್ಕೆ ಹೊಡೆದುಕೊಂಡು ಬೈಯುತ್ತ ಹೋದ.

“ನಂಗೆ ಗೊತ್ತಾಗಿರೋದು ಅವಳಿಗೆ ತಿಳೀಬಾರ್ದು,” ಎಂದ ಉಗ್ರಪ್ಪ. “ಇಷ್ಟು ವರ್ಷ ಮಾಡಿದ್ದು ವ್ಯರ್ಥ ಆಯ್ತು ಅಂತ ಕೊರಗ್ತಾಳೆ. ನನ್ನಾಣೆ ಲಿಂಗಮ್ಮ.”

ಲಿಂಗಮ್ಮ ಬೇಡವೆಂದು ತಲೆಯಲ್ಲಾಡಿಸಿದಳು. ಅವನು ಬಿಡಲಿಲ್ಲ. ಕೊನೆಗೆ ಅವಳು ಅವನ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದಳು.

ಅಲ್ಲಿಂದ ಮುಂದೆ ಉಗ್ರಪ್ಪ ರಸ್ತೆಯಲ್ಲಿ ಹೆಂಡತಿಯನ್ನು ಅಂಚಿಗೆ ಬಿಟ್ಟು, ತಾನು ಗಾಡಿಗಳು ಓಡಾಡುವ ಕಡೆ ನಡೆಯಲು ಶುರುಮಾಡಿದ. ಹಿಂದೆ ಗಾಡಿ ಬರುತ್ತಿದೆಯೋ ಎಂದು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವನು. ರೈಲ್ವೆ ಹಳಿ ದಾಟುವಾಗ ಅವಳ ಮೊಣಕೈ ಹಿಡಿದುಕೊಳ್ಳುವನು. ಅವಳು, “ವಯಸ್ಸಾದ್ ಮೇಲೆ ಇದೇನು?” ಎಂದು ನಾಚಿಕೊಳ್ಳುವಳು. ಅವನ ಕಿವುಡನ್ನು ಕಾಯುತ್ತಿದ್ದೇನೆಂದು ಅವಳೂ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು. ಕೆಂಗೇರಿಯಲ್ಲಿ ಎಂದಿನಂತೆ ಕಣ್ಣು ಮುಚ್ಚಿ ಕೂತು, ತೆರೆದು, ಹೇಳುವಳು. ಅವನು ಬರೆದುಕೊಳ್ಳುವನು. ಬರೆಯುವಾಗ ತಲೆಯೆತ್ತುತ್ತಿರಲಿಲ್ಲ.

ಐವತ್ತೇಳರ ಶಿವರಾತ್ರಿಗೆ ಕೆಮ್ಮು ಮರಳಿ ಬಂತು. ಈ ಸಲ ಸೂಜಿ ಮದ್ದು ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಜಾಗವಿದೆ ಎಂದರೂ ಅವಳು ಹೋಗಲೊಪ್ಪಲಿಲ್ಲ. ಯುಗಾದಿಗೆ ಒಂದು ವಾರ ಮುಂಚೆ, “ಒಂದ್ಸಲ ಕೆರೆ ಹತ್ರ ಕರ್ಕೊಂಡು ಹೋಗಿ,” ಎಂದಳು. ಉಗ್ರಪ್ಪ ಜಟಕಾ ಮಾಡಿಕೊಂಡು ಮೈಸೂರು ರಸ್ತೆಯುದ್ದಕ್ಕೂ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಹೋದ. ಏರಿಯ ಮೇಲೆ ಕಂಬಳಿ ಹಾಸಿ ಕೂರಿಸಿದ. ನೀರಿನಂಚಿನಲ್ಲಿ ಕೊನೆಯ ಗುಂಪು ಹಳದಿ ಕುಂಡೆಕುಸ್ಕಗಳು ಓಡಾಡುತ್ತಿದ್ದವು.

ರಾಮಮ್ಮ ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ. ಉಗ್ರಪ್ಪ ಹೆದರಿ ಅವಳ ಕೈ ಮುಟ್ಟಿದ. ಅವಳು ಕಣ್ಣು ಬಿಟ್ಟು ಏನೋ ಹೇಳಲು ಬಾಯಿ ತೆರೆದಳು.

“ಏನೇ?”

ಅವಳು ಅವನ ಮುಖವನ್ನೇ ನೋಡಿದಳು. ಅವನು ಬೇಗ ನಕ್ಕ. ತೊಡೆಯ ಮೇಲೆ ನೋಟ್‌ಬುಕ್ಕು ಬಿಚ್ಚಿ ಪೆನ್ಸಿಲು ಹಿಡಿದು ಸಿದ್ಧನಾದ.

“ಕುಂಡೆಕುಸ್ಕ,” ಎಂದಳು ಅವಳು. “ಚಿಪ್, ಚಿಪ್ ಅಂತಾವೆ. ಎಲ್ಲಾ ಹೊರಟವೆ, ಗಡಿಬಿಡೀಲಿ ಅವೆ.”

ಅವನು ಬರೆದುಕೊಂಡ. ಆಷಾಢದಲ್ಲಿ, ಒಂದು ಮಧ್ಯಾಹ್ನ, ಅವಳು ತೀರಿಕೊಂಡಳು.

ಮುಂದಿನ ಫೆಬ್ರವರಿಯಲ್ಲಿ ಚಕ್ರಪಾಣಿ ಲೈನುಮನೆಗೆ ಬಂದ. ಕೆಂಗೇರಿಯ ಹಕ್ಕಿಗಳು ಬರುವ ಹೋಗುವ ದಿನಗಳ ಬಗ್ಗೆ ಅವನು ದೊಡ್ಡ ಲೇಖನ ಬರೆದಿದ್ದ. ಉಗ್ರಪ್ಪನ ಹೆಸರನ್ನೂ ರಾಮಮ್ಮನ ಹೆಸರನ್ನೂ ಅದರಲ್ಲಿ ಹಾಕಿದ್ದ. ಅಚ್ಚಿಗೆ ಕಳಿಸುವ ಮುಂಚೆ ನೋಟ್‌ಬುಕ್ಕನ್ನು ಇನ್ನೊಮ್ಮೆ ತಾಳೆ ನೋಡಬೇಕಿತ್ತು. ಉಗ್ರಪ್ಪ ಆ ದಿನ ಕೊಡಲಿಲ್ಲ. ಮೂರು ದಿನ ಬಿಟ್ಟು ತಾನೇ ಅದನ್ನು ಹಿಡಿದುಕೊಂಡು ರಾಜಾಜಿನಗರಕ್ಕೆ ನಡೆದುಹೋದ.

“ಐವತ್ಮೂರರ ದೀಪಾವಳಿಯಿಂದ ಈಚೆಗೆ ‘ಕೇಳಿದ್ದು’ ಅಂತ ಇರೋದು ಒಂದೂ ನಿಜ ಅಲ್ಲ ಸಾರ್,” ಎಂದ. “ಅವಳಿಗೂ ಕಿವಿ ಇರ್ಲಿಲ್ಲ.”

ಚಕ್ರಪಾಣಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕುರ್ಚಿಯಿಂದೆದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ತಿರುಗಿ ಬಂದು, ಉಗ್ರಪ್ಪನಿಗೆ ಕಾಣುವಂತೆ ನಿಧಾನವಾಗಿ ಹೇಳಿದ: “ದಿನಗಳು ಹೆಚ್ಚು ಕಮ್ಮಿ ಸರಿಯಾಗೇ ಇವೆ. ನಾನೂ ಅಲ್ಲಿದ್ದೆನಲ್ಲ. ಬಿಟ್ಟುಬಿಡೋಣ. ಯಾರಿಗೂ ಗೊತ್ತಾಗಲ್ಲ.”

“ಬೇಡಿ ಸಾರ್. ನಮ್ಮಪ್ಪ ಕಾಣ್ದೇ ಇದ್ದಿದ್ದನ್ನ ಕಂಡೆ ಅಂದೋರಲ್ಲ. ಹಕ್ಕಿ ವಿಷ್ಯದಲ್ಲಿ ಸುಳ್ಳು ಅಚ್ಚಾಗ್ಬಾರ್ದು. ಅವಳು ನನಗೋಸ್ಕರ ಹೇಳಿದ್ದು. ಬೇರೆಯವ್ರಿಗಲ್ಲ.”

ಪೆನ್ನು ಕೇಳಿ ತೆಗೆದುಕೊಂಡು ಮೇಜಿನ ಮುಂದೆ ಕೂತ. ಪುಟ ಪುಟವಾಗಿ, ಬಲಗಡೆಯ ಒಂದೊಂದೇ ಸಾಲಿನ ಮೇಲೆ ಗೆರೆ ಎಳೆದ. ನಾಲ್ಕು ವರ್ಷದ್ದನ್ನೆಲ್ಲ ಹೊಡೆದು ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಚಕ್ರಪಾಣಿಯ ಹೆಂಡತಿ ಊಟಕ್ಕೆ ಕರೆದರೂ ನಿಲ್ಲದೆ, ಮಾಗಡಿ ರಸ್ತೆ ಹಿಡಿದು ನಡೆದೇ ಮನೆಗೆ ಬಂದ.

ಲಿಂಗಮ್ಮ ದಿನಾ ಮಧ್ಯಾಹ್ನ ಅವನಿಗೆ ಒಂದಿಷ್ಟು ಸಾರು ತಂದುಕೊಡುತ್ತಿದ್ದಳು. ಆ ದಿನ ಅವನು ಜಗಲಿಯ ಮೇಲೆ ಕೂತಿದ್ದ ರೀತಿ ನೋಡಿ ಪಾತ್ರೆ ಕೆಳಗಿಟ್ಟು, ಅವನೆದುರು ಕೂತಳು. ಅವನು ಚಕ್ರಪಾಣಿಯ ಮನೆಯಲ್ಲಿ ಆದದ್ದನ್ನೆಲ್ಲ ಹೇಳಿದ. ಹೇಳಿ, “ಒಂದು ಸಮಾಧಾನ,” ಎಂದ. “ನಂಗೆ ಗೊತ್ತು ಅಂತ ಅವಳಿಗೆ ಗೊತ್ತಾಗ್ಲಿಲ್ಲ. ನೆಮ್ಮದಿಯಿಂದ ಹೋದ್ಲು.”

ಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ತುಟಿಯಾಡಿಸಿದಳು. ಅವನಿಗೆ ಸರಿಯಾಗಿ ಹಿಡಿಯಲಿಲ್ಲ.

“ಏನಂದೆ? ಇನ್ನೊಂದ್ಸಲ ಹೇಳು.”

“ಹೇಳ್ಬಿಡ್ಬೇಕು ಅಂತಿದ್ಲು,” ಎಂದಳು ಲಿಂಗಮ್ಮ, ಒಂದೊಂದೇ ಮಾತಾಗಿ. “ಎನ್ನೂರಿಗೆ ಹೋಗೋಕೆ ಮುಂಚೇನೇ. ‘ಅಲ್ಲಿ ಹೋದ್ಮೇಲೆ ನಿಜ ಹೇಳ್ಬಿಡ್ತೀನಿ ಲಿಂಗಮ್ಮ, ಒಬ್ಳೇ ಇಟ್ಕೊಂಡು ಸಾಕಾಯ್ತು’ ಅಂದಿದ್ಲು. ಬಂದ್ಮೇಲೆ ಕೇಳ್ದೆ. ‘ಎಲ್ಲಿ ಹೇಳ್ಲಿ? ಆ ಮನುಷ್ಯ ಅಷ್ಟು ಖುಷೀಲಿ ಇದ್ರು, ಬಾಯೇ ಬರ್ಲಿಲ್ಲ’ ಅಂದ್ಲು. ಆಮೇಲೂ ಎಷ್ಟೋ ಸಲ ಬಾಯಿ ತೆಗೆದ್ಲಂತೆ. ನೀವು ನಗ್ತಾ ಪುಸ್ತಕ ಬಿಚ್ತಿದ್ರಂತೆ.” ಅವಳು ಕಣ್ಣೊರೆಸಿಕೊಂಡಳು. “ಅವಳು ಒಂದು ಆಣೆ ಹಾಕ್ಸಿದ್ಲು, ನೀವು ಒಂದು ಹಾಕ್ಸಿದ್ರಿ. ಮಧ್ಯದಲ್ಲಿ ನಾನು ಏನ್ ಮಾಡ್ಲಿ, ಹೇಳಿ?”

ಉಗ್ರಪ್ಪ ಅವಳ ತುಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಇನ್ನೂ ಏನಾದರೂ ಬರುತ್ತದೆಯೇನೋ ಎಂದು ಕಾಯುವವನ ಹಾಗೆ ನೋಡುತ್ತಿದ್ದ.

“ನೀನೇನು ಮಾಡ್ತೀಯವ್ವ,” ಎಂದ ಕೊನೆಗೆ. “ನಿಂದೇನೂ ತಪ್ಪಿಲ್ಲ.”

ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದ. ಸಂಜೆಯವರೆಗೂ ಬಾಗಿಲು ತೆರೆದೇ ಇತ್ತು. ಲಿಂಗಮ್ಮ ಎರಡು ಸಲ ಬಂದು ಇಣುಕಿದಳು. ಅವನು ಗೋಡೆಗೆ ಒರಗಿ ಕೂತಿದ್ದ. ಅವನ ಅಳು ಲೈನಿನ ಕೊನೆಯ ಮನೆಯವರೆಗೂ ಕೇಳುತ್ತಿತ್ತು. ತಾನು ಅಷ್ಟು ಜೋರಾಗಿ ಅಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.